ಶರೀಫರ ಪದಕ್ಕೆ ಗಿಟಾರು ಯಾಕೆ ಬೇಡ?

ರಾಕ್ ಬ್ಯಾಂಡಿನವರು ಶಿಶುನಾಳ ಶರೀಫರ ಪದ ಕೆಡಿಸಿದರು ಎಂದು ನಮ್ಮ ಕಲ್ಲೋಳಿಯ ಭಜನಾ ಮೇಳದ ಹಿರಿಯರು ಕೆಲವರು ಈಗಲೂ ಅನ್ನುತ್ತಾರೆ. ಅದೇ ಮೇಳದಲ್ಲಿ ದಮ್ಮಡಿ ಬಾರಿಸುವ ನನಗೆ ಈ ಮಾತು ಸುತರಾಂ ಒಪ್ಪಿಗೆಯಿಲ್ಲ.

ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಬ್ಯಾಂಡು 2008ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ, ಹಿಂದಿ ಹಾಡುಗಳ ನಡುವೆ, ‘ಗುಡುಗುಡಿಯ ಸೇದಿ ನೋಡೋ’ ಇದೆ. ಹುಕ್ಕಾ ಸೇದುವ ನೆವದಲ್ಲಿ ಶರೀಫರು ಒಳಗಿನ ಕೊಳೆ ಕಳೆಯುವ ದಾರಿ ಹೇಳಿದ ಪದ ಅದು. ನಮ್ಮಲ್ಲಿ ಮುಂದೆ ಹಾಡುವವ ಒಂದು ಸೊಲ್ಲು ಎತ್ತಿಕೊಟ್ಟರೆ ಹಿಮ್ಮೇಳ ಅದನ್ನೇ ತಿರುಗಿ ಹಾಡುತ್ತದೆ; ನಡೆ ಏರುತ್ತ ಏರುತ್ತ ತಾಳದವನ ಕೈ ಕಣ್ಣಿಗೆ ಕಾಣದಷ್ಟು ಜೋರಾಗುತ್ತದೆ. ಬ್ಯಾಂಡಿನ ಡ್ರಮ್ಮು, ಬಾಸ್ ಗಿಟಾರು ಮಾಡುವುದೂ ಇದೇ ಕೆಲಸ. ಹಿಮ್ಮೇಳದ ಜಾಗದಲ್ಲಿ ಸಾವಿರಾರು ಹುಡುಗರು ನಿಂತಿರುತ್ತಾರೆ, ಅಷ್ಟೇ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ಸಿ. ಅಶ್ವಥ್ ಸಂಗೀತ ಕೊಟ್ಟಾಗ ಪದಗಳು ಏಕತಾರಿ ಬಿಟ್ಟು ಆರ್ಕೆಸ್ಟ್ರಾಕ್ಕೆ ಬಂದಿದ್ದವು. ಅದನ್ನು ಮನೆಮನೆಯಲ್ಲಿ ಕ್ಯಾಸೆಟ್ ಹಾಕಿ ಕೇಳಿದವರು ನಾವೇ ಅಲ್ಲವೇ? ಬ್ಯಾಂಡು 2013ರ ‘ಜಗ್ ಚಂಗಾ’ದಲ್ಲಿ ಮತ್ತೆ ಶರೀಫರ ‘ಲೋಕದ ಕಾಳಜಿ’ ಹಾಡಿತು. ಕನ್ನಡ ಬಾರದವರೂ ಅದಕ್ಕೆ ದನಿಗೂಡಿಸಿದರು.

ನನ್ನ ಸಂಕಟವೇ ಬೇರೆ. ನಮ್ಮ ಊರುಗಳ ಭಜನಾ ಮೇಳಗಳ ಧಾಟಿಗಳನ್ನು ಯಾರೂ ಮುದ್ರಿಸಿಕೊಳ್ಳುತ್ತಿಲ್ಲ. ಜಾನಪದ ವಿಶ್ವವಿದ್ಯಾಲಯ ಇರುವುದು ಶರೀಫರದೇ ಶಿಗ್ಗಾಂವಿ ತಾಲೂಕಿನಲ್ಲಿ. ಅಲ್ಲಿಯವರು ಮೈಕು ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಬರಲಿ. ಹಾಡಿದವರ ಹೆಸರು, ಊರು ಬರೆದುಕೊಂಡು, ಕೈಗೆ ಸಂಭಾವನೆ ಕೊಟ್ಟು ಹೋಗಲಿ.