ಖಾಲಿ ಚೆಕ್ಕಿನ ಉರುಳು

ಸಂಬಳದ ದಿನ ಗಿರಣಿಯ ಗೇಟಿನೆದುರು ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಕಾಯುವ ಮಂದಿಯನ್ನು ನಮ್ಮ ಓದುಗರು ಚೆನ್ನಾಗಿ ಬಲ್ಲರು. ಸಂಬಳ ಈಗ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆದರೂ ಅವರು ಕಾಯುವುದು ನಿಂತಿಲ್ಲ. ಪೇಟೆಯ ಸಣ್ಣ ಅಂಗಡಿಗಳ ಮುಂದೆಯೂ ಇದೇ ಮಂದಿ, ಇದೇ ಗದರಿಕೆ. ಆದರೆ ಇವರ ಬಾಯಿಗಿಂತ ಭಯಂಕರವಾದುದು ಇವರ ಧಣಿಯ ಪೆಟ್ಟಿಗೆಯಲ್ಲಿದೆ. ಅದು ಸಾಲ ಕೊಡುವಾಗಲೇ ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕು.

ಸಾಲ ತೀರಿಸಲಾರದವನು ಅಷ್ಟರಿಂದಲೇ ಅಪರಾಧಿಯಲ್ಲ. ಅದು ಸಿವಿಲ್ ವ್ಯಾಜ್ಯ. ಚೆಕ್ಕು ನಡುವೆ ಬಂದೊಡನೆ ಅದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಆಮೇಲೆ ಸೇರಿಸಿದ 138ನೆಯ ಕಲಮು 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿ, ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕಟ್ಟದಿದ್ದರೆ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಈ ಕಲಮೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಸಗಟು ವ್ಯಾಪಾರಿಯಿಂದ ಮೋಸಹೋದ ಚಿಲ್ಲರೆ ವರ್ತಕನಿಗೂ, ಬಾಕಿ ಹಣಕ್ಕೆ ಹುಸಿ ಚೆಕ್ಕು ಪಡೆದ ಕಾರ್ಮಿಕನಿಗೂ ಇದೇ ಆಸರೆ. ನಮ್ಮ ತಕರಾರು ಖಾಲಿ ಚೆಕ್ಕಿನದು. ನಲವತ್ತು ಸಾವಿರ ಪಡೆದವನ ಚೆಕ್ಕಿನಲ್ಲಿ ಎರಡು ಲಕ್ಷವೆಂದು ತುಂಬಿಕೊಂಡರೆ ಕೇಳುವವರಾರು? ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಸಾಲವಿದೆಯೆಂಬ ಪೂರ್ವಭಾವನೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಅಲ್ಲವೆಂದು ತೋರಿಸುವ ಹೊರೆ ಸಹಿ ಹಾಕಿದವನ ಮೇಲೆ. ಹಸಿದವನ ಸಹಿ ಎಂಥ ಸ್ವಇಚ್ಛೆಯದೋ ನಾವರಿಯೆವು! ಶಾಲೆಯಲ್ಲಿ ಮಕ್ಕಳಿಗೆ ನಾವು ಸಹಿ ಹಾಕಲು ಕಲಿಸಿದೆವು. ಖಾಲಿ ಕಾಗದಕ್ಕೆ ಹಾಕಬೇಡಿರೆಂದು ಕಲಿಸಲು ಮರೆತೆವು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಕಿರುಸಾಲದವರ ಕಾಟಕ್ಕೆ ಚಾಮರಾಜನಗರ ಜಿಲ್ಲೆಯಲ್ಲಿ ಕುಟುಂಬಗಳು ಊರು ಬಿಟ್ಟ ಸುದ್ದಿ ನಾಡಿಗೆಲ್ಲ ತಿಳಿದ ಮೇಲೆ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದಿತು. ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳನ್ನು ಅದರ ಹೊರಗಿಟ್ಟರು. ಅವುಗಳ ವಸೂಲಿಗಾರರು ಬೆಳಗಿನ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಹಗಲಿಡೀ ಗದರಿಸಿದರೆ ತಡೆಯುವವರು ಯಾರು?

ಸಾಲಕ್ಕೆ ಭದ್ರತೆಯೆಂದು ಖಾಲಿ ಚೆಕ್ಕು ಪಡೆಯುವುದನ್ನೇ ಅಪರಾಧವೆಂದು ಸಾರಬೇಕು, ಕೊಡುವವರು ಬ್ಯಾಂಕಿನವರಿರಲಿ, ಬೀದಿಯ ಲೇವಾದೇವಿಗಾರರಿರಲಿ. ಇದು ನಮ್ಮ ಒತ್ತಾಯ.

ಅಲ್ಲಿಯವರೆಗೆ, ಕಟ್ಟಿದ ಪ್ರತಿ ಕಂತಿಗೂ ರಸೀದಿ ಕೇಳಿ ಪಡೆಯಿರಿ. ಭಾಗಶಃ ತೀರಿದ ಸಾಲಕ್ಕೆ, ತೀರಿದ್ದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138ರ ಅಪರಾಧವಾಗದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ರಸೀದಿಯಿಲ್ಲದವನಿಗೆ ಆ ತೀರ್ಪಿನಿಂದ ಪ್ರಯೋಜನವಿಲ್ಲ. ಅಂಚೆಯವನು ತಂದ ನೋಟೀಸನ್ನು ಬೇಡವೆಂದು ಹಿಂದಿರುಗಿಸಬೇಡಿರಿ. ಹಾಗೆ ಮಾಡಿದರೂ ತಲುಪಿದಂತೆಯೇ ಲೆಕ್ಕ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರಿಗೂ, ಎಲ್ಲ ಹೆಂಗಸರಿಗೂ ಉಚಿತ ವಕೀಲರ ಹಕ್ಕಿದೆ. ಅರ್ಜಿ ಕೊಡಬೇಕಾದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 15 ದಿನ ಮುಗಿಯುವುದಕ್ಕೆ ಮೊದಲೇ ನೋಟೀಸು ಹಿಡಿದು ಅಲ್ಲಿಗೆ ಹೋಗಿರಿ.