ನೀರು ಕುಡಿದ ಫೋನಿಗೆ ಎಷ್ಟು ಖರ್ಚು ಮಾಡಬೇಕು?

ಮಳೆ ಹೆಚ್ಚಾದ ವರ್ಷ ನಮ್ಮ ಎರಿ ಹೊಲದಾಗ ಬೆಳೆ ಒಂದೇ ಕೆಡುವುದಿಲ್ಲ, ಕಿಸೆಯಾಗಿನ ಫೋನೂ ಕೆಡುತ್ತದೆ. ಹೊಂಬಳ ಸೀಮೆಯಾಗ ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ, ಗಿಡದ ಬುಡಕ್ಕೆ ಓಡುವುದರೊಳಗೆ ಅಂಗಿ ಪೂರಾ ತೊಯ್ದಿರುತ್ತದೆ. ಕೃಷಿ ಹೊಂಡದ ದಂಡಿಗೆ ಬಗ್ಗಿ ಕೊಡ ತುಂಬುವಾಗ ಫೋನು ಜಾರಿ ನೀರಿಗೆ ಬಿದ್ದ ಸಂಗತಿ ಯಾವ ಊರಿಗೆ ಹೋದರೂ ಸಿಗುತ್ತದೆ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ರಿಪೇರಿ ಮಾಡಿಸೋದೋ, ಹೊಸದು ತರೋದೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯವರು ಹೇಳಿದ ದರ ಕೇಳಿ ತೀರ್ಮಾನ ಮಾಡಬಾರದು. ಫೋನಿನೊಳಗೆ ನಮ್ಮದು ಏನೇನಿದೆ, ಹೊಲದಾಗ ಈಗ ಯಾವ ಕಾಲ, ಇವೆರಡನ್ನು ಮೊದಲು ನೋಡಬೇಕು. ದರ ಮೂರನೆಯದು.

ಮೂರು ದಿನದ ಗಡುವು

ಹಿಂದೆ ಫೋನು ಕೆಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಈಗ ಹಂಗಿಲ್ಲ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪಿನಲ್ಲಿ ಮಾಡುವ ವ್ಯವಸ್ಥೆ ಬಂತು. ಪಿಎಂ ಕಿಸಾನ್ ಕೆವೈಸಿಯ ಓಟಿಪಿ ಬರುವುದು ಆಧಾರಕ್ಕೆ ಜೋಡಿಸಿದ ನಂಬರಿಗೆ. ಬೆಳೆ ವಿಮೆಯದಂತೂ ಇನ್ನೂ ಬಿಗಿ. ಆಲಿಕಲ್ಲು ಬಿದ್ದರೆ, ಹೊಲದಾಗ ನೀರು ನಿಂತರೆ, ಕೊಯ್ದು ಹರವಿದ ಬೆಳೆ ಮಳೆಗೆ ಸಿಕ್ಕರೆ 72 ಗಂಟೆಯೊಳಗೆ ತಿಳಿಸಬೇಕು.

ಬೆಳೆ ತೋಯಿಸುವ ಮಳೆಯೇ ಫೋನನ್ನೂ ತೋಯಿಸುತ್ತದೆ. ಅಂದರೆ ವಿಮೆಯ ಗಡುವು ಸುರು ಆಗುವುದೂ ಫೋನು ಕೆಡುವುದೂ ಒಂದೇ ದಿನ. ಫೋನು ಅಂಗಡಿಯಲ್ಲಿ ನಾಲ್ಕು ದಿನ ಕುಳಿತರೆ ಗಡುವು ನಮಗಾಗಿ ಕಾಯುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಸಿಮ್ ತೆಗೆಯುವುದು. ಸಿಮ್ ಸಾಮಾನ್ಯವಾಗಿ ನೀರಿಗೆ ಕೆಡುವುದಿಲ್ಲ. ಒರೆಸಿ, ಒಣಗಿಸಿ ಮನೆಯ ಇನ್ನೊಂದು ಫೋನಿಗೆ ಹಾಕಿದರೆ ನಡೆಯುತ್ತದೆ. ಮೆಮೊರಿ ಕಾರ್ಡೂ ಹಾಗೆಯೇ. ಸಾದಾ ಕೀಪ್ಯಾಡ್ ಫೋನಿಗೂ ಓಟಿಪಿ ಬರುತ್ತದೆ, ವಿಮೆ ಸಹಾಯವಾಣಿ 14447ಕ್ಕೆ ಅದರಿಂದಲೇ ಕರೆ ಮಾಡಬಹುದು. ಒಂದು ಮಾತು ನೆನಪಿರಲಿ, ಜಿಯೋ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯುವುದಿಲ್ಲ, 4ಜಿ ಫೋನು ಬೇಕು. ಇಷ್ಟಾದ ಮೇಲೆ ರಿಪೇರಿಯ ವಿಚಾರವನ್ನು ಗಡಿಬಿಡಿ ಇಲ್ಲದೆ ಮಾಡಬಹುದು.

ಅಕ್ಕಿ ಡಬ್ಬಿ ಸಾಕೇ?

ತೊಯ್ದ ಫೋನನ್ನು ಅಕ್ಕಿಯೊಳಗೆ ಹೂತಿಡುವುದು ಎಲ್ಲ ಕಡೆ ರೂಢಿಯಾಗಿದೆ. ಆ್ಯಪಲ್ ಕಂಪನಿಯೇ 2024ರಲ್ಲಿ ಇದನ್ನು ಮಾಡಬೇಡಿ, ಅಕ್ಕಿಯ ಪುಡಿ ಕಣ ಒಳಗೆ ಸೇರಿ ಫೋನು ಕೆಡಬಹುದು ಎಂದು ತನ್ನ ಗಿರಾಕಿಗಳಿಗೆ ತಿಳಿಸಿದೆ.

ಫೋನನ್ನು ಕೊಲ್ಲುವುದು ಬರೀ ನೀರಲ್ಲ. ನೀರಿನೊಳಗಿನ ಉಪ್ಪು ಮತ್ತು ಫೋನಿನೊಳಗಿನ ಕರೆಂಟು ಕೂಡಿದಾಗ ಬೋರ್ಡಿಗೆ ಕಿಲುಬು ಹಿಡಿಯುತ್ತದೆ. ನೀರು ಆರಿದರೂ ಉಪ್ಪು, ರಾಡಿ ಅಲ್ಲೇ ಉಳಿಯುತ್ತವೆ. ಮಳೆ ಹನಿಗಿಂತ ಬೋರಿನ ಸವುಳು ನೀರು, ಹೊಂಡದ ಎರಿ ಮಣ್ಣಿನ ರಾಡಿ ಹೆಚ್ಚು ಕೆಟ್ಟದ್ದು. ಹಗೇವಿಗೆ ನೀರು ಇಳಿದದ್ದನ್ನು ನೆನಪಿಸಿಕೊಳ್ಳಿ. ಮೇಲಿನ ಜೋಳ ಚಲೋ ಕಾಣುತ್ತದೆ, ಗೋಡೆಗೆ ಹತ್ತಿದ ಜೋಳ ಒಳಗೊಳಗೇ ಮುಗ್ಗುತ್ತಿರುತ್ತದೆ. ಎರಡು ದಿನಕ್ಕೆ ಚಾಲೂ ಆದ ಫೋನು ಎರಡು ತಿಂಗಳಿಗೆ ಸಾಯುವುದು ಹೀಗೆ.

ಮಾಡಬೇಕಾದ್ದು ಇಷ್ಟು: ತಕ್ಷಣ ಬಂದ್ ಮಾಡಿ. ನಡೆಯುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಚಾಲೂ ಮಾಡಬೇಡಿ. ಚಾರ್ಜಿಗಂತೂ ಹಾಕಲೇಬೇಡಿ. ಒರೆಸಿ, ಚಾರ್ಜಿನ ತೂತು ಕೆಳಗೆ ಮಾಡಿ ಗಾಳಿಯಾಡುವ ನೆರಳಿನಲ್ಲಿ ಇಡಿ. ಒಲೆ, ಬಿಸಿಲು ಬ್ಯಾಡ. ಅವತ್ತೋ ಮರುದಿನವೋ ಅಂಗಡಿಗೆ ಒಯ್ಯಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತುವುದು, ಚುಚ್ಚುವುದು ಮಾಡಬೇಡಿ, ಬೆಂಕಿ ಹತ್ತುತ್ತದೆ.

ನೀರಿಗೆ ಏನೂ ಆಗದ ಫೋನು ಎಂದು ಮಾರುವವರ ಮಾತನ್ನೂ ಸರಿಯಾಗಿ ತಿಳಿಯಬೇಕು. ಐಪಿ67 ಎಂದರೆ ಸ್ವಚ್ಛ ನೀರಿನಲ್ಲಿ ಒಂದು ಮೀಟರ್ ಆಳ, 30 ನಿಮಿಷ. ಅದು ಹೊಸ ಫೋನಿನ ಪರೀಕ್ಷೆ. ಬಿದ್ದು ಎದ್ದ ಹಳೆಯ ಫೋನಿಗೆ, ಔಷಧ ಕಲಸಿದ ನೀರಿಗೆ ಆ ಮಾತು ಹೊಂದುವುದಿಲ್ಲ. ಬಹಳಷ್ಟು ಫೋನುಗಳಲ್ಲಿ ನೀರು ತಗಲಿದರೆ ಕೆಂಪಾಗುವ ಸಣ್ಣ ಬಿಳಿ ಚೀಟಿ ಇರುತ್ತದೆ. ಅದು ಕೆಂಪಾಗಿದ್ದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ನನ್ನ ಲೆಕ್ಕ

ಬಿಚ್ಚಿ ಸ್ಪಿರಿಟಿನಂಥ ದ್ರವದಿಂದ ಬೋರ್ಡು ತೊಳೆಯುವ ಕೆಲಸವನ್ನು ಯಾವಾಗಲೂ ಮಾಡಿಸಬೇಕು. ಖರ್ಚು ಕಡಿಮೆ, ಲಾಭ ಹೆಚ್ಚು. ಆದರೆ ಬೇಗ ಆಗಬೇಕು.

ಸ್ಪೀಕರು, ಚಾರ್ಜಿನ ಭಾಗ, ಬ್ಯಾಟರಿ, ಪರದೆ ಬದಲಿಸುವುದಾದರೆ ಅಂಥದೇ ಹೊಸ ಫೋನಿಗೆ ಇವತ್ತು ಎಷ್ಟು ದರವೋ ಅದರ ಮೂರನೇ ಒಂದು ಭಾಗ ಮೀರಬಾರದು. 9,000 ರೂಪಾಯಿ ಫೋನಿಗೆ 3,000 ರೂಪಾಯಿ, ಅಲ್ಲಿಗೆ ನಿಲ್ಲಿಸಬೇಕು. ಬೋರ್ಡೇ ಹೋಗಿದೆ ಎಂದರೆ ಕೈ ಬಿಡಬೇಕು. ಒಳಗೆ ಬೇಕಾದ ಫೋಟೋ, ಲೆಕ್ಕ ಇದ್ದರೆ ಅವನ್ನು ತೆಗೆಯುವಷ್ಟು ಹೊತ್ತು ಜೀವ ಬರಿಸಿಕೊಡಿ ಎಂದು ಕೇಳಬಹುದು. ಎತ್ತಿಗೆ ಹಲ್ಲು ನೋಡುವ ನಾವು ಫೋನಿಗೂ ವಯಸ್ಸು ನೋಡಬೇಕು. ನಾಲ್ಕೈದು ವರ್ಷದ ಫೋನಿಗೆ ತೊಳೆಸುವುದಕ್ಕಿಂತ ಹೆಚ್ಚು ಖರ್ಚು ದಂಡ.

ಹುಡುಗರು ಹೇಳುವುದು ಬೇರೆ: "ಯಾಕ ಒದ್ದಾಡ್ತೀರಿ, ಕಂತಿನ ಮ್ಯಾಲೆ ಹೊಸಾದು ತರೋಣ." ನೌಕರಿ ಇದ್ದವರಿಗೆ ಇದು ಸರಿ. ಒಣಬೇಸಾಯದವರಿಗೆ ರೊಕ್ಕ ಬರುವುದು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಹೆಸರು ಮಾರಿದಾಗ, ಹಿಂಗಾರಿಗೆ ಕಡಲೆ, ಜೋಳ ಮಾರಿದಾಗ. ಕಂತು ಬರುವುದು ತಿಂಗಳಿಗೊಮ್ಮೆ. ನಡುವಿನ ತಿಂಗಳಲ್ಲಿ ಬೀಜ, ಗೊಬ್ಬರದ ರೊಕ್ಕಕ್ಕೆ ಅದು ಕೈ ಹಾಕುತ್ತದೆ. ಹಂಗಾಮಿನ ನಡುವೆ ಮೂರನೇ ಭಾಗದೊಳಗೆ ರಿಪೇರಿ ಆಗಿ ಮುಂದಿನ ರಾಶಿಯವರೆಗೆ ಫೋನು ನಡೆದರೆ ಅದೇ ಗೆಲುವು. ಹೊಸದನ್ನು ರಾಶಿಯ ರೊಕ್ಕ ಕೈಗೆ ಬಂದಾಗ ನಗದು ಕೊಟ್ಟು ತರಬೇಕು.

ಅಂಗಡಿಯಲ್ಲಿ ಕೇಳಬೇಕಾದ್ದು

ಗದಗ-ಬೆಟಗೇರಿಯ ಅಂಗಡಿಗಳಲ್ಲಿ ಕೈ ಚಳಕದ ಹುಡುಗರು ಇದ್ದಾರೆ. ಆದರೆ ಕೆಲಸದ ಚೀಟಿ ಕೊಡುವವರು ಕಡಿಮೆ. ಏನು ಕೆಟ್ಟಿದೆ, ಯಾವ ಭಾಗ ಹಾಕುತ್ತಾರೆ, ಎಷ್ಟು ದಿನದ ಖಾತ್ರಿ, ಇಷ್ಟನ್ನು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ವಾಪಸು ಕೇಳಿರಿ. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೇಳುವ ನಾವು ಇಲ್ಲಿ ಯಾಕೆ ನಾಚಬೇಕು?

ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಯಾವ ಸಾಮಾನು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಎಂದು ಅಂಕ ಕೊಡುವ ಬಗ್ಗೆ ಒಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಆ ಅಂಕ ಡಬ್ಬಿಯ ಮೇಲೆ ಕನ್ನಡದಲ್ಲಿ ಬರಬೇಕು. ಎಷ್ಟು ಕ್ಯಾಮೆರಾ ಎನ್ನುವುದಕ್ಕಿಂತ ಅದು ನಮಗೆ ಹೆಚ್ಚು ಉಪಯೋಗ.

ಇಲಾಖೆಯವರಿಗೂ ಒಂದು ಮಾತು. ಬೆಳೆ ಹಾನಿಯನ್ನು ಬ್ಯಾಂಕಿಗೆ, ಕೃಷಿ ಇಲಾಖೆಗೆ ಹೋಗಿಯೂ ತಿಳಿಸಬಹುದು ಎಂದು ನಿಯಮದಲ್ಲಿ ಇದೆ. ಫೋನು ತೊಯ್ದ ರೈತ ಅರ್ಜಿ ಹಿಡಿದು ಬಂದರೆ "ಆ್ಯಪಿನಾಗ ಹಾಕ್ರಿ" ಎಂದು ತಿರುಗಿಸಿ ಕಳಿಸಬಾರದು. ಅರ್ಜಿ ತೆಗೆದುಕೊಂಡು, ದಿನಾಂಕ, ಹೊತ್ತು ಬರೆದು ಸಹಿ ಹಾಕಿ ಕೊಡಬೇಕು.

ನಮ್ಮ ಕೈಯಲ್ಲಿ ಇರುವುದನ್ನು ನಾವು ಇವತ್ತೇ ಮಾಡಬಹುದು. ವಿಮೆ ಅರ್ಜಿ ನಂಬರು, ಆಧಾರಕ್ಕೆ ಜೋಡಿಸಿದ ಫೋನ್ ನಂಬರು, ಬೇಕಾದ ನಾಲ್ಕು ಮಂದಿಯ ನಂಬರು, ಇವನ್ನು ಪಾಸ್‌ಬುಕ್ಕಿನ ಸಂಗಡ ಒಂದು ಹಾಳೆಯ ಮೇಲೆ ಬರೆದಿಡಿ. ಆ ಹಾಳೆ ಮನೆಯೊಳಗೆ ಇರಲಿ, ಕಿಸೆಯಲ್ಲಿ ಬ್ಯಾಡ.