ಕೊನೆಯ ಸಾಲಿನವರಿಗೂ ಕೇಳಿಸಬೇಕು

ನಮ್ಮ ಸಾರ್ವಜನಿಕ ಜೀವನದಲ್ಲಿ ದಿನನಿತ್ಯ ಬಳಕೆಯಲ್ಲಿದ್ದರೂ ಕ್ರಮಬದ್ಧವಾಗಿ ಯಾರೂ ಕಲಿಸದ ಕಸುಬುಗಳಲ್ಲಿ ಧ್ವನಿ ನಿರ್ವಹಣೆಯೂ ಒಂದು. ಗ್ರಾಮಸಭೆ, ಗಣರಾಜ್ಯೋತ್ಸವ, ಪುಸ್ತಕ ಬಿಡುಗಡೆ, ಮದುವೆ, ಯಾವುದೂ ಮೈಕಿಲ್ಲದೆ ಆರಂಭವಾಗದು. ಸಂಜೆಗೊಂದು ಸಭೆ ನಡೆಯುವ ಧಾರವಾಡದಲ್ಲಂತೂ ಮೈಕಿನ ಸೀಟಿ ಮತ್ತು ಅದರ ಬೆನ್ನಿಗೇ ಹಿಂದಿನ ಸಾಲಿನಿಂದ ಬರುವ ‘ಕೇಳಸವಲ್ದ್ರೀ’ ಎಂಬ ಕೂಗು, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗದ ಎರಡು ಕಾರ್ಯಕ್ರಮಗಳೆಂದೇ ತಿಳಿಯಬೇಕು.

ಸರ್ಕಾರಿ ಸೇವೆಯಲ್ಲಿದ್ದಾಗ ಸಮುದಾಯ ಭವನಗಳಿಗೆ ಧ್ವನಿವರ್ಧಕ ಖರೀದಿಸುವ ಕಡತಗಳು ನನ್ನ ಮೇಜಿನ ಮೇಲೆ ಸಾಕಷ್ಟು ಹಾದುಹೋಗಿವೆ. ಅವನ್ನು ನಡೆಸುವವರಿಗೆ ತರಬೇತಿ ಕೊಡಿಸುವ ಕಡತ ಒಂದೂ ಬರಲಿಲ್ಲ. ಬಂಡವಾಳ ವೆಚ್ಚಕ್ಕೆ ಲೆಕ್ಕಶೀರ್ಷಿಕೆಯುಂಟು, ಉದ್ಘಾಟನೆಯುಂಟು, ಅಮೃತಶಿಲೆಯ ಫಲಕವುಂಟು. ಕಿವಿಯನ್ನು ಪಳಗಿಸುವ ಕೆಲಸಕ್ಕೆ ಇವು ಮೂರೂ ಇಲ್ಲ.

ನಿವೃತ್ತಿಯ ನಂತರ ಈ ಕಸುಬನ್ನು ನಾನು ಕಲಿಯುತ್ತಿರುವುದು ಧಾರವಾಡದ ಹೊರವಲಯದ ಬೇಲೂರು ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದ ಈ ಪ್ರದೇಶ ಹೊರಗಿನವರಿಗೆ ಟಾಟಾ ಬಸ್ಸುಗಳ ಕಾರ್ಖಾನೆಯಿಂದ, 2016ರಲ್ಲಿ ವಾಲ್ಮಿ ಆವರಣದಲ್ಲಿ ತರಗತಿ ಆರಂಭಿಸಿದ ಐಐಟಿಯಿಂದ ಪರಿಚಿತ. ನಮ್ಮ ಸಭೆ ಕೂಡುವುದು ಉಗ್ರಾಣಕ್ಕೆಂದು ಕಟ್ಟಿದ ತಗಡಿನ ಮಾಡಿನ ಹಜಾರವೊಂದರಲ್ಲಿ. ಧ್ವನಿಯ ಹೊಣೆ ಹೊತ್ತವರು ಐಟಿಐ ಓದಿದ ಒಬ್ಬ ಫಿಟ್ಟರ್, ಒಬ್ಬ ವೆಲ್ಡರ್, ನರ್ಸಿಂಗ್ ಓದುತ್ತಿರುವ ಒಬ್ಬ ಹುಡುಗಿ ಮತ್ತು ಅರವತ್ತು ದಾಟಿದ ನಾನು. ಗುರುಸ್ಥಾನ ಫಿಟ್ಟರನದು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಭಾನುವಾರಗಳಲ್ಲಿಯೂ ‘ಸರ್ರ, ಮೊದಲ ಕೇಳ್ರಿ, ಆಮ್ಯಾಲೆ ಮುಟ್ರಿ’ ಎಂಬ ಆತನ ಪಾಠ ತಪ್ಪುವುದಿಲ್ಲ.

ಮೊದಲ ಎರಡು ತಿಂಗಳು ಮಿಕ್ಸರಿನ ಬಳಿ ಸುಳಿಯುವಂತಿಲ್ಲ, ವೈರು ಸುತ್ತುವುದೇ ಅಭ್ಯಾಸ. ಮೊಣಕೈಗೆ ಹಗ್ಗದಂತೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಬೇಗನೆ ಕಡಿಯುತ್ತದೆ. ಒಂದು ಸುತ್ತು ಹೊರಮುಖವಾಗಿ, ಮುಂದಿನದು ಒಳಮುಖವಾಗಿ ಮಡಚುತ್ತ ಹೋದರೆ ವರ್ಷಗಟ್ಟಲೆ ಬಾಳುತ್ತದೆ. ಚಾಲೂ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಬಂದ್ ಮಾಡುವಾಗ ಅದೇ ಮೊದಲಿಗೆ; ಇಲ್ಲವಾದರೆ ‘ಧಡ್’ ಎಂಬ ಸದ್ದಿನೊಡನೆ ಸ್ಪೀಕರಿಗೆ ಪೆಟ್ಟು. ಗುಂಯ್‌ಗುಟ್ಟುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಕಿತ್ತೆಸೆಯುವ ಪರಿಪಾಠವನ್ನು ಎಷ್ಟೋ ಪೆಂಡಾಲುಗಳಲ್ಲಿ ಕಂಡಿದ್ದೇನೆ. ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವ ಮಗುವಿಗೂ 230 ವೋಲ್ಟಿಗೂ ನಡುವೆ ಇರುವ ರಕ್ಷಣೆ ಆ ಒಂದು ಪಿನ್ನು. ಫಿಟ್ಟರ್ ಈ ಪಾಠವನ್ನು ತಿಂಗಳಿಗೊಮ್ಮೆ ಪುನಃ ಹೇಳಿಸುತ್ತಾನೆ.

ಮಿಕ್ಸರಿನ ವಿದ್ಯೆ ನೀರಾವರಿ ಬಲ್ಲವರಿಗೆ ಸುಲಭ. ಗೇನ್ ಎಂಬುದು ಮೈಕಿನಿಂದ ಎಷ್ಟು ಧ್ವನಿ ಒಳಬರಬೇಕೆಂದು ನಿರ್ಧರಿಸುವ ಕೆರೆಯ ತೂಬು. ಫೇಡರ್ ಎಂಬುದು ಅದರಲ್ಲಿ ಹೊಲಕ್ಕೆ ಎಷ್ಟು ಹರಿಯಬೇಕೆಂದು ನೋಡಿಕೊಳ್ಳುವ ಕಾಲುವೆಯ ಬಾಗಿಲು. ತೂಬು ಅತಿಯಾಗಿ ತೆರೆದರೆ ಮುಂದಿನ ಯಾವ ಬಾಗಿಲೂ ಉಪಯೋಗಕ್ಕೆ ಬಾರದು. ಸ್ಪೀಕರಿನ ಸದ್ದು ಪುನಃ ಮೈಕನ್ನು ಹೊಕ್ಕು, ಮತ್ತೆ ಸ್ಪೀಕರಿನಿಂದ ಹೊರಬಂದು ಸುತ್ತುತ್ತಲೇ ಇದ್ದರೆ ಸೀಟಿ ಹುಟ್ಟುತ್ತದೆ. ಹೆಚ್ಚಿನವರು ಆಗ ಇಡೀ ಧ್ವನಿಯನ್ನೇ ಇಳಿಸುತ್ತಾರೆ. ಬಲ್ಲವರು ಸ್ಪೀಕರನ್ನು ಮೈಕಿನ ಬೆನ್ನಿಗೆ ಸರಿಸಿ, ಸೀಟಿ ಹೊಡೆಯುವ ಕಂಪನಾಂಕವೊಂದನ್ನೇ ಹುಡುಕಿ ತಗ್ಗಿಸುತ್ತಾರೆ.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಸ್ವಾರಸ್ಯವೊಂದಿದೆ. ಮಾತಿನ ಗಟ್ಟಿತನ ಬಹುಪಾಲು ಸ್ವರಗಳಲ್ಲಿದ್ದರೆ ಅರ್ಥವನ್ನು ಬೇರ್ಪಡಿಸುವುದು ವ್ಯಂಜನಗಳು. ‘ಪಾಪ’ ಮತ್ತು ‘ತಾಪ’ಗಳಿಗೆ ಇರುವುದು ಒಂದೇ ವ್ಯಂಜನದ ಅಂತರ. ಆ ಅಂತರವನ್ನು ತಿಳಿಸುವ ಧ್ವನಿಯ ಮುಖ್ಯಾಂಶ ಸುಮಾರು 2,000ದಿಂದ 4,000 ಹರ್ಟ್ಸ್‌ಗಳ ನಡುವೆ ಇರುತ್ತದೆ. ವಯಸ್ಸಾದಂತೆ ಮೊದಲು ಮಂಕಾಗುವುದೂ ಎತ್ತರದ ಧ್ವನಿಗಳೇ. ಬೇಸ್ ಏರಿಸಿದಾಗ ಪ್ರಸಂಗ ಮಾಡುವ ಸಭಾಪಾಲಕರಿಗೆ ತಮ್ಮ ಕಂಠ ಗಂಭೀರವಾಗಿ ಕೇಳಿಸಿ ಸಂತೋಷವಾಗಬಹುದು, ಕೊನೆಯ ಬೆಂಚಿನ ಅಜ್ಜಿಗೆ ಮಾತ್ರ ವೇದಪಾಠ ಗುಡುಗಿನಂತೆ ಕೇಳಿಸುತ್ತದೆ. ಆಕೆಗೆ ಬೇಕಾದದ್ದು ಹೆಚ್ಚು ಸದ್ದಲ್ಲ, ಬಿಡಿಸಿದ ಮಾತು. ನಮ್ಮ ಗ್ರಾಮಸಭೆಗಳಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ ಹೆಸರೇ ಕೇಳಿಸದೆ ಎದ್ದುಹೋಗುವ ವೃದ್ಧರನ್ನು ಕಂಡವರಿಗೆ ಇದು ಸಂಗೀತಪ್ರಿಯರ ಸೂಕ್ಷ್ಮವೆಂದು ಅನ್ನಿಸಲಾರದು.

ಕಟ್ಟಡವೂ ಮಾತಿನ ಶತ್ರುವಾಗಬಲ್ಲದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆದ ಕಾಲಕ್ಕೆ ವಿದ್ಯುತ್ತಿನ ಮೈಕೇ ಇರಲಿಲ್ಲ; ಮನುಷ್ಯನ ಕಂಠ ತಲುಪುವಷ್ಟೇ ಸಭೆಯ ವಿಸ್ತಾರ. ಈಗಿನ ಹಜಾರಗಳನ್ನು ಮೈಕಿನ ಭರವಸೆಯ ಮೇಲೆ ಕಟ್ಟುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 20 ಮೀಟರ್ ಉದ್ದದ ಕೋಣೆಯ ಹಿಂಗೋಡೆಗೆ ಬಡಿದು ಮರಳುವ ಮಾತು ಸೆಕೆಂಡಿನ ಸುಮಾರು ಎಂಟನೆಯ ಒಂದು ಭಾಗ ತಡವಾಗಿ ವೇದಿಕೆಯನ್ನು ಮುಟ್ಟಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ನಮ್ಮಲ್ಲಿ ಹಿಂಗೋಡೆಗೆ ಹಳೆಯ ಜಮಖಾನೆಗಳನ್ನು ತೂಗುಹಾಕಿ, ಸ್ಪೀಕರುಗಳನ್ನು ಜನರತ್ತ ಬಾಗಿಸಿದ ಮೇಲೆ ಹೊಸ ಯಂತ್ರ ಕೊಳ್ಳುವ ಮಾತು ತಾನಾಗಿ ನಿಂತಿತು.

ಸದ್ದಿನ ಮಿತಿಯನ್ನು ಕಾನೂನು ಹೇಳಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಅದೇ ವರ್ಷ ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಧ್ವನಿವರ್ಧಕದ ಮೂಲಕ ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಸ್ಪಷ್ಟಪಡಿಸಿತು. ಕೈಗಾರಿಕಾ ಪ್ರದೇಶದ ಸಡಿಲ ಮಿತಿ ನಮಗೆ ಅನುಕೂಲವೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ವಾರವೆಲ್ಲ ಪ್ರೆಸ್ಸು, ಗ್ರೈಂಡರುಗಳ ನಡುವೆ ದುಡಿದವರ ಕಿವಿಗೆ ಭಾನುವಾರವೂ ವಿರಾಮವಿಲ್ಲದಿದ್ದರೆ ಹೇಗೆ? ನಿರಂತರ ಸದ್ದಿನಲ್ಲಿ ಮೊದಲು ನಷ್ಟವಾಗುವುದು ಎತ್ತರದ ಧ್ವನಿಗಳ ಗ್ರಹಿಕೆ. ಹಾಗೆ ಕಿವಿ ಕೆಟ್ಟವನು ಮಿಕ್ಸರಿನ ಮುಂದೆ ಕುಳಿತರೆ ತನಗೆ ಕೇಳಿಸುವತನಕ ಟ್ರೆಬಲ್ ಏರಿಸುತ್ತ ಹೋಗುತ್ತಾನೆ. ನಮ್ಮ ವೆಲ್ಡರ್ ಕಾರ್ಖಾನೆಯಲ್ಲಿ ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಲು ಆರಂಭಿಸಿದ್ದು ಸುರಕ್ಷತಾ ಸಪ್ತಾಹದ ಭಾಷಣದಿಂದಲ್ಲ, ಮಿಕ್ಸರಿನ ಮೇಲಿನ ಮೋಹದಿಂದ.

ಚರ್ಚಿನಲ್ಲಿ ಕಲಿತ ವಿದ್ಯೆ ಚರ್ಚಿನಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಹಳೆಯ ಸಾಕ್ಷ್ಯವಿದೆ. ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಮಂಗಳೂರು ಹೆಂಚಿನ ಕೆಳಗೆ ಬಾಳಿದವರು ಎಲ್ಲ ಮತದವರು. ನಮ್ಮ ಫಿಟ್ಟರನನ್ನೂ ಗಣೇಶನ ಪೆಂಡಾಲಿನವರು, ಶಾಲೆಯ ಗ್ಯಾದರಿಂಗಿನವರು ಕರೆಯುತ್ತಾರೆ, ಹಣವನ್ನೂ ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪ್ರಯೋಜನವೆನ್ನುತ್ತೇವೆ. ಆತ ಪುಕ್ಕಟೆ ಕಲಿಸುವ ಭಾನುವಾರದ ನಾಲ್ಕು ತಾಸು ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಶೂನ್ಯ.

ಧಾರ್ಮಿಕ ಸಂಸ್ಥೆಗೆ ಸರ್ಕಾರ ಹಣ ಕೊಡಬೇಕೆಂಬುದು ನನ್ನ ವಾದವಲ್ಲ. ಮಾನ್ಯತೆ ಸಿಗಬೇಕಾದದ್ದು ವ್ಯಕ್ತಿಗೆ, ಆತ ಚರ್ಚಿನಲ್ಲಿ ಕಲಿತಿರಲಿ, ಮಠದಲ್ಲಿ, ಮಸೀದಿಯಲ್ಲಿ, ಭಜನಾ ಮಂಡಳಿಯಲ್ಲಿ ಕಲಿತಿರಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಕೆಲಸದಿಂದಲೇ ಕಲಿತವರ ಪೂರ್ವ ಕಲಿಕೆಗೆ ಪ್ರಮಾಣಪತ್ರ ನೀಡುವ ಅವಕಾಶವಿದೆ. ಅದನ್ನು ಐಟಿಐಗಳ ಮೂಲಕ ಇಂಥವರಿಗೆ ಒದಗಿಸಬೇಕು. ಸಾರ್ವಜನಿಕ ಭವನಗಳಿಗೆ ಧ್ವನಿ ಉಪಕರಣ ಕೊಳ್ಳುವ ಪ್ರತಿ ಅಂದಾಜುಪಟ್ಟಿಯಲ್ಲಿ ನಿರ್ವಾಹಕರ ತರಬೇತಿಯನ್ನೂ ಒಂದು ಬಾಬತ್ತಾಗಿ ಸೇರಿಸದ ಹೊರತು ಮಂಜೂರಾತಿ ಕೊಡಬಾರದು. ಪರೀಕ್ಷೆಗೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ಹಜಾರ, ಎರಡು ಮೈಕು, ಓದಲು ಐವತ್ತು ಅಪರಿಚಿತ ಹೆಸರುಗಳ ಪಟ್ಟಿ ಸಾಕು. ಪರೀಕ್ಷಕರು ಕೊನೆಯ ಸಾಲಿನಲ್ಲಿ ಕುಳಿತು, ಕೇಳಿಸಿದ ಹೆಸರುಗಳನ್ನು ಬರೆದುಕೊಳ್ಳಲಿ. ಪಟ್ಟಿಯೊಡನೆ ತಾಳೆ ನೋಡಿ ಅಂಕ ಕೊಡಲಿ.